ಬಾಗಿಲ ಬಳಿಯ ಜಾಗ: ಬಾಡಿಗೆ ಮನೆ, ವಿಕಲಚೇತನರು ಮತ್ತು ನಿಂತ ಕಾರಿನ ಕಾನೂನು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಬಾಡಿಗೆ ಮನೆ ಹಿಡಿದು ನೋಡು’ ಎಂಬ ಮಾತನ್ನು ಸೇರಿಸದೆ ಬಿಟ್ಟರು. ಅವರ ಕಾಲದ ಹಳ್ಳಿಗಳಲ್ಲಿ ಬಾಡಿಗೆ ಮನೆಯೆಂಬುದೇ ಅಪರೂಪವಾಗಿತ್ತು. ನಗರ ಬೆಳೆದಂತೆ ಮನೆಯ ಮಾಲೀಕ ಮತ್ತು ಬಾಡಿಗೆದಾರ ಎಂಬ ಎರಡು ಪಕ್ಷಗಳು ಹುಟ್ಟಿದವು. ಅವರ ನಡುವಿನ ವ್ಯಾಜ್ಯಗಳಿಗೆಂದು ಕಾಯ್ದೆಗಳು ಬಂದವು. ನೀರು, ಕರೆಂಟು, ಸುಣ್ಣಬಣ್ಣ, ಅಡ್ವಾನ್ಸ್ ಇವೆಲ್ಲ ಹಳೆಯ ಜಗಳಗಳು. ಈಚಿನ ಮೂವತ್ತು ವರ್ಷಗಳಲ್ಲಿ ಇವುಗಳ ಸಾಲಿಗೆ ಸೇರಿದ್ದು ಗಾಡಿ ನಿಲ್ಲಿಸುವ ಜಾಗದ ಜಗಳ. ಅದರಲ್ಲೂ ನಡೆಯಲಾರದ ಬಾಡಿಗೆದಾರನೊಬ್ಬನ ಕಾರು ದಿನವೂ ಓಡದೆ ನಿಂತಿದ್ದರೆ ಅವನ ಹಕ್ಕೇನು, ಮಾಲೀಕನ ಅಧಿಕಾರವೇನು ಎಂಬ ಪ್ರಶ್ನೆ. ಇದು ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಇದರ ಬೆನ್ನು ಹತ್ತಿ ಹೋದರೆ ನಮ್ಮ ಕಾನೂನಿನ ನೂರ ನಲವತ್ತು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಅದನ್ನು ಓದುಗ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮೂರಿನ ಮಾತು. ಹೆಗ್ಗನಹಳ್ಳಿ ಹೆಸರಿನಲ್ಲೇ ಹಳ್ಳಿಯನ್ನು ಉಳಿಸಿಕೊಂಡಿರುವ ಊರು. ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಲೇತ್, ಮಿಲ್ಲಿಂಗ್, ಗಾರ್ಮೆಂಟ್ಸ್ ಕೆಲಸಕ್ಕೆ ಬಂದವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಬೇಕಾಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳು ರೆವಿನ್ಯೂ ಸೈಟುಗಳಾದವು. ದಾಸರಹಳ್ಳಿ ನಗರಸಭೆಯ ವ್ಯಾಪ್ತಿಯಲ್ಲಿದ್ದ ನಾವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದೆವು. 1945ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿಯಾಗಲಿ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವಾಗಲಿ ರಾಜಾಜಿನಗರ, ವಿಜಯನಗರಗಳಲ್ಲಿ ಅಳೆದು ಹಾಕಿದಂಥ ರಸ್ತೆಗಳು ನಮ್ಮ ಪಾಲಿಗೆ ಬರಲಿಲ್ಲ. ಇಪ್ಪತ್ತು ಮೂವತ್ತರ ಸೈಟು, ಮುಂದೆ ಒಂದು ಕಾರು ಹೋದರೆ ಎದುರಿನ ಸ್ಕೂಟರು ನಿಲ್ಲಬೇಕಾದ ಅಡ್ಡರಸ್ತೆ, ಮೇಲೆ ಮೂರು ಅಂತಸ್ತು, ಅಂತಸ್ತಿಗೆರಡು ಮನೆ, ಕೆಳಗೆ ಅರ್ಧ ಭಾಗ ಗಾಡಿಗಳಿಗೆ. ಇದೇ ಇಲ್ಲಿನ ಸಾಮಾನ್ಯ ನಕ್ಷೆ.

ಈಗ ಒಂದು ಲೆಕ್ಕ ಮಾಡೋಣ. ಕೇಂದ್ರ ಲೋಕೋಪಯೋಗಿ ಇಲಾಖೆಯು 1998ರಲ್ಲಿ ಅಂಗವಿಕಲರು ಮತ್ತು ವೃದ್ಧರಿಗೆ ಅಡೆತಡೆಯಿಲ್ಲದ ಕಟ್ಟಡಗಳು ಹೇಗಿರಬೇಕೆಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಗಾಲಿಕುರ್ಚಿ ಬಳಸುವವರ ಕಾರಿಗೆ 3.6 ಮೀಟರ್ ಅಗಲದ ಜಾಗ ಬೇಕು, ಅದು ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗಿರಬೇಕು ಎಂದು ಅದು ಹೇಳುತ್ತದೆ. ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಕುರ್ಚಿಯನ್ನು ಪಕ್ಕಕ್ಕೆ ತಂದು, ದೇಹವನ್ನು ಅದರೊಳಕ್ಕೆ ಸರಿಸಿಕೊಳ್ಳಲು ಅಷ್ಟು ಅಗಲ ಬೇಕು. 3.6 ಮೀಟರ್ ಎಂದರೆ ಸುಮಾರು ಹನ್ನೆರಡು ಅಡಿ. ಇಪ್ಪತ್ತು ಅಡಿ ಅಗಲದ ಸೈಟಿನಲ್ಲಿ ಹನ್ನೆರಡು ಅಡಿ ಒಬ್ಬರಿಗೇ ಹೋದರೆ ಉಳಿದ ಐದು ಮನೆಯವರು ಎಲ್ಲಿ ನಿಲ್ಲಿಸಬೇಕು? ಈ ಇಕ್ಕಟ್ಟನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತನ್ನು ಆಡಬೇಕು.

ಮಾಲೀಕರ ಪಕ್ಷದಲ್ಲೂ ನ್ಯಾಯವಿದೆ. ನಮ್ಮ ಕಡೆಯ ಓನರುಗಳಲ್ಲಿ ಹಲವರು ಶ್ರೀಮಂತರಲ್ಲ. ಕಾರ್ಖಾನೆಯಲ್ಲಿ ದುಡಿದು, ಪ್ರಾವಿಡೆಂಟ್ ಫಂಡಿನ ಹಣ ಹಾಕಿ, ಸಾಲ ಮಾಡಿ ಕಟ್ಟಿದ ಕಟ್ಟಡದ ಬಾಡಿಗೆಯೇ ಅವರ ಪಿಂಚಣಿ. ಟಾರ್ಪಾಲು ಹೊದೆಸಿ ವರ್ಷಗಟ್ಟಲೆ ಬಿಟ್ಟ ಕಾರು ಜಾಗ ತಿನ್ನುತ್ತದೆ. ಟೈರು ಕುಸಿಯುತ್ತದೆ, ಇಲಿಗಳು ವೈರು ಕಡಿಯುತ್ತವೆ, ಮಳೆನೀರು ನಿಂತು ಸೊಳ್ಳೆಯಾಗುತ್ತದೆ. ಆದ್ದರಿಂದಲೇ ‘ಉಪಯೋಗಿಸದ ವಾಹನಗಳನ್ನು ಇಲ್ಲಿ ನಿಲ್ಲಿಸುವಂತಿಲ್ಲ’ ಎಂಬ ಷರತ್ತು ಕರಾರು ಪತ್ರಗಳಲ್ಲಿ ಕಾಣಿಸಿಕೊಂಡಿತು. ಷರತ್ತು ಸರಿಯೇ. ತೊಡಕಿರುವುದು ‘ಉಪಯೋಗಿಸದ’ ಎಂಬ ಪದದಲ್ಲಿ.

ಇದನ್ನು ನನಗೆ ಮನಗಾಣಿಸಿದವರು ನಮ್ಮ ಬೀದಿಯ ಒಬ್ಬ ಬಾಡಿಗೆದಾರರು. ಬಾಲ್ಯದಲ್ಲಿ ಪೋಲಿಯೊ ತಗುಲಿ ಒಂದು ಕಾಲಿನ ಶಕ್ತಿ ಹೋಗಿತ್ತು. ಪೀಣ್ಯದ ಒಂದು ಸಣ್ಣ ಯಂತ್ರಾಗಾರದಲ್ಲಿ ಮೂವತ್ತು ವರ್ಷ ದುಡಿದವರು. ಹಲವು ವರ್ಷ ಪಕ್ಕಕ್ಕೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ, ಆಮೇಲೆ ಬ್ರೇಕು ಕ್ಲಚ್ಚುಗಳನ್ನು ಕೈಗೆ ಬರುವಂತೆ ಮಾಡಿಸಿದ ಹಳೆಯ ಮಾರುತಿ 800ರಲ್ಲಿ ಓಡಾಡಿದರು. ನಿವೃತ್ತರಾದ ಮೇಲೆ ತೋಳಿನ ಬಲವೂ ಕುಂದಿತು. ಕಾರು ಹೊರಬರುತ್ತಿದ್ದುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಮಗ ಓಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುವಾಗ. ಕರಾರನ್ನು ನವೀಕರಿಸುವ ಹೊತ್ತಿಗೆ ಓನರು ಹೊಸ ಷರತ್ತೊಂದನ್ನು ಸೇರಿಸಿದರು: ಮೂವತ್ತು ದಿನ ಅಲುಗದ ವಾಹನವನ್ನು ಬಾಡಿಗೆದಾರನು ತೆರವು ಮಾಡತಕ್ಕದ್ದು. “ಮೇಷ್ಟ್ರೇ, ಸ್ವಲ್ಪ ಓದಿ ಹೇಳಿ, ಇದಕ್ಕೆ ನಾನು ಸಹಿ ಹಾಕಲೇಬೇಕಾ?” ಎಂದು ಅವರು ಛಾಪಾ ಕಾಗದವನ್ನು ನನ್ನ ಕೈಗಿತ್ತರು. ಅದೇ ಕಟ್ಟಡದಲ್ಲಿ ಬಾಗಿಲಿಗೆ ತೀರ ಹತ್ತಿರದ ಜಾಗದಲ್ಲಿ ಓನರ ಬಂಧುವೊಬ್ಬರ ಕೆಟ್ಟ ಕಾರು ಎರಡು ವರ್ಷದಿಂದ ನಿಂತಿತ್ತು. ಷರತ್ತು ಬಾಡಿಗೆದಾರರಿಗೆ ಮಾತ್ರವಾದ್ದರಿಂದ ಆ ಕಾರಿಗೆ ಅದು ಅನ್ವಯಿಸುತ್ತಿರಲಿಲ್ಲ.

ಅವರ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು ನಾನು ಓದಿಕೊಂಡದ್ದರ ಸಾರ ಇಲ್ಲಿದೆ.

ನಮ್ಮಲ್ಲಿ ಬಾಡಿಗೆ ನಿಯಂತ್ರಣವು ಎರಡನೆಯ ಮಹಾಯುದ್ಧದ ಕಾಲದ ಮನೆಗಳ ಅಭಾವದಿಂದ ಹುಟ್ಟಿದ ವ್ಯವಸ್ಥೆ. ಮೈಸೂರು ರಾಜ್ಯದಲ್ಲಿ 1951ರ ಕಾಯ್ದೆ ಬಂತು. ಏಕೀಕರಣವಾದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಆದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಈ ಎರಡನೆಯ ಕಾಯ್ದೆಯ 21ನೆಯ ಪ್ರಕರಣದಲ್ಲಿ ಒಂದು ಸೊಗಸಾದ ತಕ್ಕಡಿಯಿತ್ತು. ಮಾಲೀಕನು ‘ನನಗೇ ಮನೆ ಬೇಕು’ ಎಂದು ಕೇಳಿದರೂ ನ್ಯಾಯಾಲಯವು ಕಣ್ಣುಮುಚ್ಚಿ ಬಿಡಿಸಿ ಕೊಡುವಂತಿರಲಿಲ್ಲ. ಮನೆ ಬಿಡಿಸಿದರೆ ಬಾಡಿಗೆದಾರನಿಗಾಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಮಾಲೀಕನಿಗಾಗುವ ಕಷ್ಟ ಹೆಚ್ಚೋ ಎಂದು ತೂಗಿ ನೋಡಬೇಕಾಗಿತ್ತು. ಹಾಗೆ ತೂಗುವಾಗ ಇಬ್ಬರಲ್ಲಿ ಯಾರಿಗೆ ಬೇರೆ ‘ರೀಸನಬಲ್ ಅಕಾಮಡೇಷನ್’ ಸಿಗುವಂತಿದೆ ಎಂಬುದನ್ನೂ ಗಮನಿಸಬೇಕಿತ್ತು. ಇಲ್ಲಿ ಆ ಮಾತಿನ ಅರ್ಥ ‘ತಕ್ಕಮಟ್ಟಿನ ಬೇರೊಂದು ಮನೆ’ ಎಂದು. ಈ ಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಐವತ್ತೈದು ವರ್ಷಗಳ ಅನಂತರ ಅದು ಬೇರೊಂದು ವೇಷದಲ್ಲಿ ಮರಳಿ ಬರುತ್ತದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಅದರಲ್ಲಿ ವಿಕಲಚೇತನರ ಪ್ರಸ್ತಾಪ ಇದೆ. ಎಲ್ಲಿ ಎಂದು ಹುಡುಕಿದರೆ 31ನೆಯ ಪ್ರಕರಣದಲ್ಲಿ ಸಿಗುತ್ತದೆ: ವಿಧವೆ, ಅಂಗವಿಕಲ ಅಥವಾ 65 ವರ್ಷ ತುಂಬಿದ ಮಾಲೀಕರು ತಮ್ಮ ಉಪಯೋಗಕ್ಕೆ ಬೇಕೆಂದರೆ ಮನೆಯನ್ನು ಕೂಡಲೇ ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು. ಇದು ಕರುಣೆಯ ಕಲಮೇ ಸರಿ. ಆದರೆ ಗಮನಿಸಿ, ಅಂಗವಿಕಲನು ಮಾಲೀಕನಾಗಿರಬಹುದೆಂದು ಶಾಸನಕಾರರಿಗೆ ಹೊಳೆಯಿತು; ಅವನು ಬಾಡಿಗೆದಾರನಾಗಿದ್ದರೆ ಏನು ಗತಿ ಎಂಬುದಕ್ಕೆ ಅಂಥದೇ ಒಂದು ಕಲಮು ಕಾಣುವುದಿಲ್ಲ. ಸಾಲದೆಂಬಂತೆ ಈ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಕಟ್ಟಡಗಳಿಗೆ, ಹೊಸದಾಗಿ ಕಟ್ಟಿ ಹದಿನೈದು ವರ್ಷ ಆಗದ ಕಟ್ಟಡಗಳಿಗೆ ಅನ್ವಯಿಸುವುದೇ ಇಲ್ಲ. ಇಂದು ಹೆಗ್ಗನಹಳ್ಳಿಯಲ್ಲಿ 3,500 ರೂಪಾಯಿಗೆ ಕುಟುಂಬವೊಂದು ಇರಬಹುದಾದ ಮನೆ ಎಲ್ಲಿದೆ?

ಹಾಗಾದರೆ ನಮ್ಮ ಬೀದಿಯ ಮನೆಗಳಿಗೆ ಅನ್ವಯಿಸುವ ಕಾನೂನು ಯಾವುದು? ವಿಕ್ಟೋರಿಯಾ ರಾಣಿಯ ಕಾಲದ 1882ರ ಸ್ವತ್ತು ವರ್ಗಾವಣೆ ಅಧಿನಿಯಮ! ನಮ್ಮ ಕರಾರುಗಳು ಹನ್ನೊಂದು ತಿಂಗಳಿಗೆ ಏಕೆ ನಿಲ್ಲುತ್ತವೆಂದರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು ತಿಂಗಳು. ಕರಾರು ಮುಗಿದ ಮೇಲೂ ಬಾಡಿಗೆ ಪಡೆದುಕೊಂಡು ಮುಂದುವರಿಸಿದರೆ ಅದು ತಿಂಗಳ ಲೆಕ್ಕದ ಬಾಡಿಗೆ. ಹದಿನೈದು ದಿನಗಳ ನೋಟಿಸು ಸಾಕು. ಯಾರ ಕಷ್ಟ ಹೆಚ್ಚು ಎಂದು ತೂಗುವ ತಕ್ಕಡಿ ಇಲ್ಲಿಲ್ಲ.

ಆದರೂ ಈ ಮುದಿ ಕಾಯ್ದೆ ಪೂರ್ತಿ ನಿರ್ದಯಿಯಲ್ಲ. ಅದರ 108ನೆಯ ಪ್ರಕರಣವನ್ನು ಪ್ರತಿಯೊಬ್ಬ ಬಾಡಿಗೆದಾರನೂ ಓದಬೇಕು. ಬಾಡಿಗೆ ಕೊಟ್ಟು ಕರಾರಿನಂತೆ ನಡೆದುಕೊಳ್ಳುವವನು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು. ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತವಾದ ಕಟ್ಟಡ ಕಟ್ಟಬಾರದು; ಆದರೆ ತಾನು ಅಳವಡಿಸಿದ್ದನ್ನು ಮನೆ ಬಿಡುವ ಮುನ್ನ, ಮನೆ ಮೊದಲಿದ್ದ ಸ್ಥಿತಿಯಲ್ಲೇ ಉಳಿಯುವಂತೆ, ಬಿಚ್ಚಿಕೊಂಡು ಹೋಗಬಹುದು. ಎಂದರೆ ಹೊಸ್ತಿಲಿಗೆ ಸಿಮೆಂಟಿನ ಇಳಿಜಾರು ಮಾಡಿಸಲು ಓನರ ಅನುಮತಿ ಬೇಕು. ಎತ್ತಿಡಬಹುದಾದ ಮರದ ಹಲಗೆಯ ಇಳಿಜಾರಿಗೆ ಆ ತಡೆ ಇಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿಯನ್ನು ಹಾಕಿಸಿ, ಬಿಡುವಾಗ ಬಿಚ್ಚಿ ತೂತು ಮುಚ್ಚಿಸಬಹುದು. ಗಾಡಿಯ ಜಾಗದ ವಿಷಯದಲ್ಲಿ ಮಾತ್ರ ಕಾಯ್ದೆ ಕರಾರನ್ನೇ ನೋಡುತ್ತದೆ. ಕರಾರಿನಲ್ಲಿ ಜಾಗವನ್ನು ಬರೆಸಿಕೊಂಡಿದ್ದರೆ ಅದು ಹಕ್ಕು. ಬಾಯಿಮಾತಾಗಿದ್ದರೆ ಅದು ಓನರ ದಾಕ್ಷಿಣ್ಯ ಅಷ್ಟೇ.

ಇನ್ನು ವಿಕಲಚೇತನರ ಕಾನೂನಿನ ಕಡೆ ತಿರುಗೋಣ. 1995ರ ಡಿಸೆಂಬರಿನಲ್ಲಿ ಸಂಸತ್ತು ಮೊದಲ ಕಾಯ್ದೆಯನ್ನು ಅಂಗೀಕರಿಸಿತು. ಜಾವೇದ್ ಅಬಿದಿಯವರಂಥ, ಸ್ವತಃ ಗಾಲಿಕುರ್ಚಿಯಲ್ಲಿ ಕುಳಿತೇ ಹೋರಾಡಿದ ಹೋರಾಟಗಾರರ ಒತ್ತಾಯ ಅದರ ಹಿಂದಿತ್ತು. ಅದು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ ಫಲವಾಗಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದು 2017ರ ಏಪ್ರಿಲ್ 19ರಂದು ಜಾರಿಯಾಯಿತು. ಏಳು ಇಪ್ಪತ್ತೊಂದಾಯಿತು. ನಾನು ನೆನಪಿಡಿ ಎಂದಿದ್ದ ‘ರೀಸನಬಲ್ ಅಕಾಮಡೇಷನ್’ ಇಲ್ಲಿ ಮತ್ತೆ ಕಾಣಿಸಿಕೊಂಡಿತು, ಆದರೆ ಬೇರೆ ಅರ್ಥದಲ್ಲಿ. ಈಗ ಅದು ಬೇರೊಂದು ಮನೆಯಲ್ಲ. ಎದುರಿನವರ ಮೇಲೆ ಮಿತಿಮೀರಿದ ಹೊರೆ ಹೊರಿಸದೆ, ವಿಕಲಚೇತನರು ಇತರರಿಗೆ ಸಮನಾಗಿ ಹಕ್ಕುಗಳನ್ನು ಅನುಭವಿಸಲು ಮಾಡಿಕೊಡಬೇಕಾದ ತಕ್ಕ ಮಾರ್ಪಾಡು ಎಂದರ್ಥ. ಇದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಸಾರುತ್ತದೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರೆಯಲು ಕೈ ಸಹಕರಿಸದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಬರೆಹಗಾರನ ನೆರವು ಸಿಗಬೇಕೆಂದು ಹೇಳುತ್ತ ಈ ತತ್ತ್ವವನ್ನು ವಿಸ್ತಾರವಾಗಿ ವಿವರಿಸಿತು.

ಹಾಗಿದ್ದರೆ ಕಾರಿನ ಷರತ್ತನ್ನು ಸಡಿಲಿಸುವುದು ಇಂಥ ಮಾರ್ಪಾಡಲ್ಲವೆ? ತತ್ತ್ವದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಉದಾಹರಣೆಯೇ ಇಲ್ಲ. ಆದರೆ ಕಾಯ್ದೆಯ ಹೊಣೆಗಳು ಮುಖ್ಯವಾಗಿ ಬೀಳುವುದು ಸರ್ಕಾರದ ಮೇಲೆ, ಕಂಪನಿ, ಸಂಘ, ಟ್ರಸ್ಟುಗಳಂಥ ಸಂಸ್ಥೆಗಳ ಮೇಲೆ. ತನ್ನ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಆರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಒಬ್ಬ ವ್ಯಕ್ತಿ ಈ ವ್ಯಾಖ್ಯೆಯೊಳಗೆ ಸುಲಭವಾಗಿ ಬರುವುದಿಲ್ಲ. ಕಟ್ಟಡಗಳ ಸುಗಮ ಪ್ರವೇಶದ ವಿಷಯದಲ್ಲಿ ರಾಜೀವ್ ರಾತುರಿಯವರು 2005ರಲ್ಲಿ ಹೂಡಿದ ದಾವೆಯಲ್ಲಿ 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ ಮಹತ್ವದ ತೀರ್ಪು ನೀಡಿ, ಬರಿಯ ಸಲಹೆಯಂತಿದ್ದ ನಿಯಮವನ್ನು ಅಸಿಂಧುವೆಂದು ಸಾರಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಹತ್ತೊಂಬತ್ತು ವರ್ಷ ನಡೆದ ಈ ದಾವೆಯ ಗುರಿ ಸಾರ್ವಜನಿಕ ಸ್ಥಳಗಳಾಗಿದ್ದವು. ನಮ್ಮ ಬೀದಿಯ ಮನೆಯ ಗೇಟಿನೊಳಗೆ ಅದು ನೇರವಾಗಿ ಬರಲಿಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುವ ಮಾತಾಡಿತು. ವಿಕಲಚೇತನ ಬಾಡಿಗೆದಾರರ ಮಾತಾಡಲಿಲ್ಲ.

ಮೂರನೆಯದು ವಾಹನಗಳ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಿಕಲಚೇತನರ ವಾಹನಕ್ಕೆ ಒಂದು ವ್ಯಾಖ್ಯೆಯಿತ್ತು. ಅದು ಅಂಥವರಿಗೆಂದೇ ವಿಶೇಷವಾಗಿ ತಯಾರಾದದ್ದಾಗಿರಬೇಕು, ಬರಿದೆ ಮಾರ್ಪಡಿಸಿದ್ದಾದರೆ ಸಾಲದು ಎಂದು. ನಮ್ಮ ದೇಶದಲ್ಲಿ ನಿಜವಾಗಿ ಓಡಾಡುತ್ತಿದ್ದುದು ಗ್ಯಾರೇಜಿನಲ್ಲಿ ಮಾರ್ಪಡಿಸಿದ ಗಾಡಿಗಳೇ! 2019ರ ತಿದ್ದುಪಡಿ ಈ ಮಾತನ್ನು ಬದಲಿಸಿ, ಮಾರ್ಪಡಿಸಿದ ವಾಹನವನ್ನೂ ಸೇರಿಸಿಕೊಂಡು, ಆ ವ್ಯಕ್ತಿಯೇ ಬಳಸುವ ‘ಅಥವಾ ಆ ವ್ಯಕ್ತಿಗಾಗಿ’ ಬಳಸುವ ವಾಹನ ಎಂದಿತು. ಮಗ ಓಡಿಸಿದರೂ ಅದು ತಂದೆಯ ವಾಹನವೇ ಎಂದು ಕಾನೂನು ಒಪ್ಪುತ್ತದೆ. ಅದೇ ಕಾಯ್ದೆಯ 127ನೆಯ ಪ್ರಕರಣದಂತೆ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ದಿಕ್ಕಿಲ್ಲದೆ ಬಿಟ್ಟ ವಾಹನವನ್ನು ಪೊಲೀಸರು ಎಳೆಸಬಹುದು. ಎಂದರೆ ‘ಕಾರನ್ನು ಬೀದಿಗೆ ಹಾಕಿ’ ಎಂಬ ಓನರ ಮಾತು ಸುಲಭದ ಪರಿಹಾರವಲ್ಲ. ಬೀದಿಯಲ್ಲಿ ಬೇರೆ ಕಾನೂನು ಕಾದಿದೆ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ವಸತಿ ಕಾಯ್ದೆಗೆ 1988ರಲ್ಲಿ ತಂದ ತಿದ್ದುಪಡಿ ಖಾಸಗಿ ಮನೆ ಮಾಲೀಕರನ್ನೂ ಬಹುಮಟ್ಟಿಗೆ ಒಳಗೊಂಡಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕ್ಯಾಡ್ಮನ್ ಟವರ್ಸ್ ಎಂಬ ವಸತಿ ಸಮುಚ್ಚಯ. ನಾನೂರಕ್ಕೂ ಹೆಚ್ಚು ಮನೆಗಳು, 66 ಕಾರುಗಳಿಗೆ ಮಾತ್ರ ಜಾಗ. ಜಾಗಕ್ಕೆ ಸರದಿಯಂತೆ ಕಾಯಬೇಕೆಂಬುದು ಅಲ್ಲಿನ ನಿಯಮ. ನರಗಳ ಕಾಯಿಲೆಯಿಂದ ನಡೆಯಲು ಕಷ್ಟಪಡುತ್ತಿದ್ದ ನಿವಾಸಿಯೊಬ್ಬರು ಸರದಿಗಿಂತ ಮೊದಲೇ ಜಾಗ ಕೇಳಿದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವರ ಪರವಾಗಿ ನಿಂತಿತು. ಎಲ್ಲರಿಗೂ ಒಂದೇ ನಿಯಮ ಎಂಬುದು ಸಮಾನತೆಯಂತೆ ಕಾಣುತ್ತದೆ. ಆದರೆ ಮನೆಯ ಬಾಗಿಲಿಗೆ ತಲುಪುವ ಶಕ್ತಿ ಎಲ್ಲರಿಗೂ ಒಂದೇ ಸಮನಾಗಿಲ್ಲದಾಗ ಅದೇ ನಿಯಮ ಒಬ್ಬನನ್ನು ಹೊರಗಿಡುತ್ತದೆ ಎಂಬುದು ಆ ಪ್ರಕರಣದಿಂದ ನಾವು ಕಲಿಯಬಹುದಾದ ಪಾಠ.

ಮತ್ತೆ ನಮ್ಮ ಬೀದಿಗೆ ಬರೋಣ. ಆ ಬಾಡಿಗೆದಾರರ ಪರವಾಗಿ ನಾನೊಂದು ವಿನಯದ ಪತ್ರ ಬರೆದುಕೊಟ್ಟೆ. ಕಾರಿನ ನೋಂದಣಿ, ವಿಮೆ ಚಾಲ್ತಿಯಲ್ಲಿವೆ. ಆಸ್ಪತ್ರೆಗೆ ಹೋಗಲು ಬೇರೆ ದಾರಿಯಿಲ್ಲ. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಜಾಗವನ್ನು ಗುಡಿಸಿ ಇಡುತ್ತೇವೆ. ಬಾಗಿಲ ಬಳಿಯ ಕೆಟ್ಟ ಕಾರಿನ ಜಾಗ ಸಿಕ್ಕರೆ ಉಪಕಾರ ಎಂದು. ಓನರು ಕೆಟ್ಟವರೇನಲ್ಲ. “ನೋಡೋಣ ಮೇಷ್ಟ್ರೇ, ಬಂಧುಗಳ ವಿಷಯ, ನನಗೂ ಕಷ್ಟ” ಎಂದರು. ಷರತ್ತನ್ನು ಒಂದು ಅವಧಿಗೆ ಸಡಿಲಿಸಿದರು. ಬಾಗಿಲ ಬಳಿಯ ಜಾಗ ಕೊಡಲಿಲ್ಲ. ಗೇಟಿನಿಂದ ಮೆಟ್ಟಿಲವರೆಗಿನ ಆ ಹದಿನೈದು ಹೆಜ್ಜೆಗಳನ್ನು ಮಗನ ಹೆಗಲು ಹಿಡಿದು ದಾಟಲು ಅವರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂಬುದನ್ನು ಬೀದಿಯವರೆಲ್ಲ ಕಂಡಿದ್ದೇವೆ. ಹನ್ನೊಂದು ತಿಂಗಳು ಮುಗಿದಾಗ ಅವರು ಸುಂಕದಕಟ್ಟೆಯ ಕಡೆ, ಹೆಚ್ಚು ಬಾಡಿಗೆಯ ನೆಲಮಹಡಿಯ ಮನೆಗೆ ಹೊರಟುಹೋದರು. ಯಾರೂ ಕಾನೂನು ಮುರಿಯಲಿಲ್ಲ. ಅದೇ ಇಲ್ಲಿನ ನಿಜವಾದ ಸಮಸ್ಯೆ.

ಶಾಸನ ಬದಲಾಗುವವರೆಗೆ ಮಾಡಬಹುದಾದ ಕೆಲವು ಕೆಲಸಗಳಿವೆ. ಮನೆ ಹಿಡಿಯುವ ಮುನ್ನವೇ ಗಾಡಿಯ ಜಾಗವನ್ನು, ಅದು ಎಲ್ಲಿ, ಎಷ್ಟು ಅಗಲ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ‘ಉಪಯೋಗಿಸದ ವಾಹನ’ ಎಂಬ ಮಾತಿದ್ದರೆ ಅದರ ಅರ್ಥವನ್ನೂ ಬರೆಸಬೇಕು: ನೋಂದಣಿ ಅಥವಾ ವಿಮೆ ಇಲ್ಲದ, ಓಡುವ ಸ್ಥಿತಿಯಲ್ಲಿಲ್ಲದ ವಾಹನ ಎಂದು, ಎಷ್ಟು ದಿನ ನಿಂತಿತ್ತು ಎಂಬ ಲೆಕ್ಕದಿಂದಲ್ಲ. ಆ್ಯಂಬುಲೆನ್ಸು ದಿನವೂ ಓಡದಿದ್ದರೂ ಅದನ್ನು ಯಾರೂ ನಿರುಪಯೋಗಿ ಎನ್ನುವುದಿಲ್ಲವಷ್ಟೆ. ಇಳಿಜಾರು, ಹಿಡಿಕಂಬಿಗಳಿಗೆ ಅನುಮತಿಯನ್ನು ಲಿಖಿತವಾಗಿ ಪಡೆಯಬೇಕು. ವ್ಯಾಜ್ಯ ಬಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಪ್ರಕರಣದ ಪ್ರಕಾರ ವಿಕಲಚೇತನರಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ. ಇದಕ್ಕೆ ವರಮಾನದ ಮಿತಿಯಿಲ್ಲ. ಈ ಒಂದು ಸಂಗತಿ ನಮ್ಮ ಬೀದಿಯಲ್ಲಿ ಹತ್ತು ಜನಕ್ಕೂ ಗೊತ್ತಿರಲಿಲ್ಲ.

ಕರ್ನಾಟಕದ ಶಾಸನಕಾರರು ಮಾಡಬೇಕಾದ ಕೆಲಸವೂ ದೊಡ್ಡದಲ್ಲ. 1961ರ ಕಾಯ್ದೆಯ ಆ ತಕ್ಕಡಿಯನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, 2016ರ ಕಾಯ್ದೆಯ ಹೊಸ ಅರ್ಥದೊಂದಿಗೆ ಬಾಡಿಗೆ ಕಾನೂನಿನೊಳಗೆ ಇಟ್ಟರೆ ಸಾಕು. ಮಾಲೀಕನ ಇಕ್ಕಟ್ಟನ್ನೂ ಅದು ತೂಗುತ್ತದೆ, ಬಾಡಿಗೆದಾರನ ಹೆಜ್ಜೆಗಳನ್ನೂ ತೂಗುತ್ತದೆ. ಇಪ್ಪತ್ತು ಅಡಿ ಸೈಟಿನಲ್ಲಿ ಹನ್ನೆರಡು ಅಡಿ ಕೊಡಲಾಗದಿರಬಹುದು. ಆದರೆ ಕೆಟ್ಟು ನಿಂತ ಕಾರನ್ನು ಬಾಗಿಲ ಬಳಿಯಿಂದ ಸರಿಸಿ ಅಗತ್ಯವಿರುವವರಿಗೆ ಆ ಜಾಗ ಕೊಡಲು ಒಂದಡಿಯೂ ಹೆಚ್ಚು ನೆಲ ಬೇಕಾಗುವುದಿಲ್ಲ.